ಎತ್ತಿಕೊಂಡು ಹೋಗುವ ನೆಟ್‌ವರ್ಕ್ ಪೆಟ್ಟಿಗೆ: ಮಕ್ಕಳು ಬಿಚ್ಚಿ ಕಲಿಯುವಂಥ ಸರ್ವರ್ ಕಿಟ್ ಕಟ್ಟುವುದು ಹೇಗೆ

ಒಂದು ಗಟ್ಟಿ ಪೆಟ್ಟಿಗೆ. ಒಳಗೆ ಪುಟ, ಪಾಠ ಎಲ್ಲ ಹಂಚುವ ಅಂಗೈಯಗಲದ ಸರ್ವರ್ ಕಂಪ್ಯೂಟರ್, ನೆಟ್‌ವರ್ಕ್ ನಡೆಸುವ ಒಂದು ರೌಟರ್, ಯಂತ್ರಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಸೇರಿಸುವ ಮೂರ್ನಾಲ್ಕು ನೆಟ್‌ವರ್ಕ್ ಸ್ವಿಚ್, ಬ್ಯಾಟರಿ, ಒಂದು ಕಟ್ಟು ಕೇಬಲ್. ಇಷ್ಟನ್ನು ಎತ್ತಿಕೊಂಡು ಯಾವ ಕೋಣೆಗೆ ಹೋದರೂ ಹದಿನೈದು ನಿಮಿಷದಲ್ಲಿ ಅಲ್ಲೊಂದು ಲ್ಯಾಬ್ ತಯಾರಾಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಇಂಥ ಪೆಟ್ಟಿಗೆ ಮಾಡುವವರು ಸಾಮಾನ್ಯವಾಗಿ ವಿಡಿಯೊ, ಪುಸ್ತಕ ಎಲ್ಲ ತುಂಬಿ, ಮುಚ್ಚಳ ಹಾಕಿ, ಮೂಲೆಯಲ್ಲಿಟ್ಟು ಮಕ್ಕಳಿಗೆ ವೈಫೈ ಪಾಸ್‌ವರ್ಡ್ ಕೊಟ್ಟು ಸುಮ್ಮನಾಗುತ್ತಾರೆ. ಅದೂ ಒಳ್ಳೆಯ ಕೆಲಸವೇ. ಆದರೆ ತಂತ್ರಜ್ಞಾನ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಆ ಪೆಟ್ಟಿಗೆಯೇ ಪಾಠ ಆಗಬೇಕು ಅನ್ನೋದು ನನ್ನ ನಂಬಿಕೆ. ಅವರು ಅದನ್ನು ಬಿಚ್ಚಬೇಕು, ಕೇಬಲ್ ಕೀಳಬೇಕು, ಕೆಡಿಸಬೇಕು, ಆಮೇಲೆ ತಾವೇ ಸರಿ ಮಾಡಬೇಕು. ಅದಕ್ಕೇ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಯಾರು ಏನು ಕೆಡಿಸಿದರೂ ಹತ್ತು ನಿಮಿಷದೊಳಗೆ ಮೊದಲಿನ ಹಾಗೆ ಆಗಬೇಕು. ಕೆಳಗೆ ಇದು ಬೇಕು, ಅದು ಬೇಡ ಅಂತ ಹೇಳುವಾಗಲೆಲ್ಲ ಈ ನಿಯಮವನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಹೆಜ್ಜೆ 1: ಕೊಳ್ಳುವ ಮೊದಲು ಕಾಗದದ ಮೇಲೆ ಲೆಕ್ಕ

ಮೂರು ಸಂಖ್ಯೆ ಬರೆದುಕೊಳ್ಳಿ. ಎಷ್ಟು ಮಕ್ಕಳು, ಎಷ್ಟು ಯಂತ್ರ, ಗೋಡೆಯ ಕರೆಂಟ್ ಇಲ್ಲದೆ ಎಷ್ಟು ಗಂಟೆ. ನಾನು ಇಲ್ಲಿ 12ರಿಂದ 18 ವರ್ಷದ 24 ಮಕ್ಕಳು, 12 ಲ್ಯಾಪ್‌ಟಾಪ್, 4 ಗಂಟೆ ಅಂತ ಹಿಡಿಯುತ್ತೇನೆ. ಒಂದು ಲ್ಯಾಪ್‌ಟಾಪಿಗೆ ಇಬ್ಬರು ಅನ್ನೋದು ದುಡ್ಡು ಉಳಿಸಲು ಮಾಡಿದ ಲೆಕ್ಕ ಅಲ್ಲ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಹೇಳುವಾಗಲೇ ಅರ್ಧ ಕಲಿತಿರುತ್ತಾರೆ. ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ, ಯಾಕಂದ್ರೆ ಭಾರದ ಕೆಲಸವನ್ನೆಲ್ಲ ಸರ್ವರ್ ಮಾಡುತ್ತದೆ. ಬ್ರೌಸರ್ ಚೆನ್ನಾಗಿ ಓಡಿದರೆ ಸಾಕು.

ಹೆಜ್ಜೆ 2: ಸಾಮಾನು ಆರಿಸುವುದು

ಸರ್ವರ್‌ನಿಂದ ಶುರು ಮಾಡೋಣ. ರಾಸ್ಪ್‌ಬೆರಿ ಪೈ ಅನ್ನುವ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ತಗೊಳ್ಳಲಾ, ಮಿನಿ ಪಿಸಿ ತಗೊಳ್ಳಲಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ಓದುವ ಸಾಮಗ್ರಿ ಹಂಚುವುದಾದರೆ 4 ಅಥವಾ 8 ಜಿಬಿ ರ‍್ಯಾಮ್ ಇರುವ ಪೈ 4 ಧಾರಾಳ ಆಯಿತು. ಆದರೆ ಮಕ್ಕಳ ಪ್ರತಿ ಗುಂಪಿಗೂ ಅವರದ್ದೇ ಒಂದು ಪುಟ್ಟ ಸರ್ವರ್ ಕೊಟ್ಟು, ಅದನ್ನು ಕೆಡಿಸಲು ಬಿಡುವುದಾದರೆ ನನ್ನ ಮತ ಮಿನಿ ಪಿಸಿಗೆ. ಕಚೇರಿಗಳಲ್ಲಿ ಮಾನಿಟರ್ ಹಿಂದೆ ಸಿಕ್ಕಿಸುತ್ತಾರಲ್ಲ, ಅಂಥದ್ದು: ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಬಳಸಿದ್ದು ಸಿಕ್ಕರೂ ಚಿಂತೆಯಿಲ್ಲ. 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಇರಲಿ. ಪೈ ತಗೊಂಡರೂ ಮೆಮೊರಿ ಕಾರ್ಡಿನ ಮೇಲೆ ಸರ್ವರ್ ಓಡಿಸಬೇಡಿ, ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ. ಪದೇ ಪದೇ ಬರೆದು ಅಳಿಸುವ ಕೆಲಸಕ್ಕೆ ಕಾರ್ಡು ತಾಳುವುದಿಲ್ಲ, ತಟ್ಟನೆ ಕರೆಂಟ್ ಹೋದಾಗ ಫೈಲ್ ಕೆಡುವ ಭಯ ಬೇರೆ.

ರೌಟರ್ ಯಾವುದಾದರೂ ಆಗಲಿ, ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ (OpenWrt) ಅನ್ನುವ ಮುಕ್ತ ರೌಟರ್ ತಂತ್ರಾಂಶ ಓಡಬೇಕು. ಕೊಳ್ಳುವ ಮೊದಲು ಆ ಯೋಜನೆಯ ಯಂತ್ರಗಳ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯಾ, ಯಾವ ಆವೃತ್ತಿ ಇದೆ ಅಂತ ನೋಡಿ. ಒಂದೇ ಹೆಸರಿನ ರೌಟರ್ ಒಳಗೆ ಬೇರೆ ಬೇರೆ ಚಿಪ್ ಇರುವುದುಂಟು. ಜಿಎಲ್ ಐನೆಟ್ ಕಂಪನಿಯ ಪುಟ್ಟ ಟ್ರಾವೆಲ್ ರೌಟರ್‌ಗಳಲ್ಲಿ ಇದು ಮೊದಲೇ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಯಾಕೆ ಅಂದ್ರೆ, ಮಕ್ಕಳು ಅದರೊಳಗೆ ಲಾಗಿನ್ ಆಗಿ, ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯ ಫೈಲ್ ಹೇಗಿದೆ, ಯಾವುದನ್ನು ಒಳಗೆ ಬಿಡಬೇಕು ಅಂತ ಕಾಯುವ ಫೈರ್‌ವಾಲ್ ಏನು ಮಾಡುತ್ತಿದೆ ಅಂತ ಕಣ್ಣಾರೆ ನೋಡಬಹುದು.

ಪುಟ್ಟ ರೌಟರ್‌ನ ವೈಫೈ ಮೇಲೆ ಇಡೀ ತರಗತಿಯ ಭಾರ ಹಾಕಬೇಡಿ. 30 ಫೋನು, ಲ್ಯಾಪ್‌ಟಾಪ್ ಒಟ್ಟಿಗೆ ಬಂದು ಕೂತರೆ ಅದು ಏದುಸಿರು ಬಿಡುತ್ತದೆ. ಲೆಕ್ಕ ಹಾಕಿ ನೋಡಿ: 30 ಜನ 2 ಮೆಗಾಬಿಟ್‌ನ ವಿಡಿಯೊ ಒಟ್ಟಿಗೆ ನೋಡಿದರೆ ಸೆಕೆಂಡಿಗೆ 60 ಮೆಗಾಬಿಟ್ ಬೇಕು, ಅದೂ ಎಲ್ಲರೂ ಸರದಿಯಲ್ಲಿ ಹಂಚಿಕೊಳ್ಳುವ ಒಂದೇ ಗಾಳಿಯಲ್ಲಿ. ವೈಫೈ ಕೊಡುವುದಕ್ಕೆಂದೇ ಬೇರೆ ಒಂದು ಯಂತ್ರ, ಅಂದ್ರೆ ಆಕ್ಸೆಸ್ ಪಾಯಿಂಟ್, ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯದು, ಲ್ಯಾಪ್‌ಟಾಪ್‌ಗಳನ್ನೆಲ್ಲ ಕೇಬಲ್ಲಿಗೆ ಹಾಕಿ ವೈಫೈಯನ್ನು ಫೋನುಗಳಿಗೆ ಮಾತ್ರ ಬಿಡುವುದು.

ಸ್ವಿಚ್ ವಿಷಯ. ಮುಖ್ಯ ಸ್ವಿಚ್ 8 ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿ) ಗಿಗಾಬಿಟ್‌ದು ಇರಲಿ, ಸೆಟ್ಟಿಂಗ್ ಬದಲಿಸಲು ಬರುವಂಥ ಸ್ಮಾರ್ಟ್ ಸ್ವಿಚ್ ಆಗಿರಲಿ. ಒಂದು ಪೋರ್ಟಿನ ದತ್ತಾಂಶವನ್ನು ಇನ್ನೊಂದು ಪೋರ್ಟಿಗೂ ನಕಲು ಮಾಡಿ ತೋರಿಸುವ ಪೋರ್ಟ್ ಮಿರರಿಂಗ್ ಅದರಲ್ಲಿದ್ದರೆ ಪಾಠಕ್ಕೆ ತುಂಬ ಸಹಾಯ. ಇದರ ಜೊತೆಗೆ ಯಾವ ಸೆಟ್ಟಿಂಗೂ ಇಲ್ಲದ 5 ಪೋರ್ಟಿನ ಅಗ್ಗದ ಸ್ವಿಚ್ 3 ತಗೊಳ್ಳಿ. ಮಕ್ಕಳ ಪ್ರಯೋಗಕ್ಕೆ ಅವು. ಎಲ್ಲವನ್ನೂ ಒಂದೇ ಸ್ವಿಚ್ಚಿನಲ್ಲಿ ವಿಎಲ್ಎಎನ್ (ಸೆಟ್ಟಿಂಗಿನಲ್ಲೇ ಹಾಕುವ ಗೋಡೆ) ಮಾಡಿ ಬೇರ್ಪಡಿಸಬಹುದಲ್ವಾ ಅಂತ ಬಲ್ಲವರು ಕೇಳಬಹುದು. ಬೇರ್ಪಡಿಸಬಹುದು. ಆದರೆ ಮೊದಲ ದಿನ ಬಂದವರಿಗೆ ಕಣ್ಣಿಗೆ ಕಾಣದ ಗೋಡೆ ಅರ್ಥವಾಗುವುದಿಲ್ಲ. ಎರಡು ಬೇರೆ ಡಬ್ಬಿ, ನಡುವೆ ಕೇಬಲ್ ಇಲ್ಲ, ಹಾಗಾಗಿ ಮಾತಿಲ್ಲ. ಇದು ಅರ್ಥವಾದ ಮೇಲೆ ಮೂರನೇ ದಿನಕ್ಕೆ ವಿಎಲ್ಎಎನ್ ಹೇಳಿಕೊಟ್ಟರೆ ಚಕ್ ಅಂತ ಹಿಡಿಯುತ್ತಾರೆ.

ಇನ್ನುಳಿದವು: ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ ಕಿಂಡಿ ಇರುವುದಿಲ್ಲವಾದ್ದರಿಂದ ಒಂದಷ್ಟು ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್, ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ಲಿನ ಒಂದು ಸುರುಳಿ, ಅದರ ತುದಿಗೆ ಹಾಕುವ ಆರ್‌ಜೆ 45 ಕನೆಕ್ಟರ್ 100, ಕನೆಕ್ಟರನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ 2, ಎಂಟು ದೀಪದ ಕೇಬಲ್ ಟೆಸ್ಟರ್ 1. ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಮ್ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ನಾಲ್ಕು ಸಲ ಮಡಚಿದರೆ ಒಳಗೇ ಮುರಿಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಹಲಗೆ, ಆಮೇಲೆ ಪೆಟ್ಟಿಗೆ

ಸಾಮಾನನ್ನು ನೇರವಾಗಿ ಪೆಟ್ಟಿಗೆಗೆ ಅಂಟಿಸಬೇಡಿ. ಪೆಟ್ಟಿಗೆಯೊಳಗೆ ಸಲೀಸಾಗಿ ಇಳಿಯುವಷ್ಟು ಅಳತೆಗೆ ಒಂದು ಪ್ಲೈವುಡ್ ಹಲಗೆ ಕೊಯ್ದು, ಸರ್ವರ್, ರೌಟರ್, ಮುಖ್ಯ ಸ್ವಿಚ್ ಮೂರನ್ನೂ ಅದರ ಮೇಲೆ ಜೋಡಿಸಿ. ಕೂರಿಸಲು ವೆಲ್ಕ್ರೊ ಪಟ್ಟಿ ಸಾಕು, ಸ್ಕ್ರೂ ಹೊಡೆದರೆ ಬಿಚ್ಚುವುದು ಕಷ್ಟ. ಪಾಠದ ಹೊತ್ತಿಗೆ ಹಲಗೆ ಪೂರ್ತಿ ಹೊರಗೆ ಬಂದು ಮೇಜಿನ ಮೇಲೆ ಕೂರುತ್ತದೆ, ಗೋಡೆಗೆ ಒರಗಿಸಿದರೆ ಹಿಂದೆ ಕೂತವರಿಗೂ ಕಾಣುತ್ತದೆ. ಇದರಿಂದ ಇನ್ನೊಂದು ಲಾಭ ಇದೆ: ಮುಚ್ಚಿದ ಪೆಟ್ಟಿಗೆಯಲ್ಲಿ ಯಂತ್ರ ಓಡಿಸಿದರೆ ಶಾಖ ಹೋಗಲು ದಾರಿಯಿಲ್ಲ, ಫೋಮ್ ಸುತ್ತುವರಿದಿದ್ದರಂತೂ ಕೇಳಲೇಬೇಡಿ. ಪೆಟ್ಟಿಗೆ ಇರುವುದು ಒಯ್ಯಲು ಮಾತ್ರ.

ಪ್ರತಿ ಕೇಬಲ್ಲಿಗೂ ಎರಡು ತುದಿಯಲ್ಲೂ ಚೀಟಿ ಅಂಟಿಸಿ. ಬಣ್ಣಕ್ಕೊಂದು ಅರ್ಥ ಕೊಡಿ: ಹೊರಗಿನ ಇಂಟರ್ನೆಟ್ ಬರುವುದು ಕೆಂಪು, ಸರ್ವರ್‌ದು ನೀಲಿ, ಪ್ರಯೋಗದ್ದು ಹಳದಿ. ಹಲಗೆಯ ಮೇಲೆ ಪ್ರತಿ ಯಂತ್ರದ ಪಕ್ಕದಲ್ಲಿ ಅದರ ಹೆಸರು, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ, ಎಷ್ಟು ವೋಲ್ಟ್ ಬೇಕು ಅನ್ನೋದನ್ನ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಅಡಾಪ್ಟರ್‌ಗಳ ಪಿನ್ನು ಒಂದೇ ಥರ ಇದ್ದು ವೋಲ್ಟ್ ಬೇರೆ ಇರುವುದು ಮಾಮೂಲು. ಮಿನಿ ಪಿಸಿಯ 19 ಅಥವಾ 20 ವೋಲ್ಟಿನ ಅಡಾಪ್ಟರ್ 12 ವೋಲ್ಟಿನ ಸ್ವಿಚ್ಚಿಗೆ ಹೋದರೆ ಸ್ವಿಚ್ ಅಲ್ಲಿಗೆ ಮುಗಿಯಿತು.

ಹೆಜ್ಜೆ 4: ಕರೆಂಟಿನ ಲೆಕ್ಕ

ಯಂತ್ರದ ಮೇಲೆ ಬರೆದಿರುವ ವ್ಯಾಟ್ ನೋಡಿ ಹೆದರಬೇಡಿ, ಅದು ಗರಿಷ್ಠ ಮಿತಿ. ಪ್ಲಗ್ಗಿಗೆ ಹಾಕುವ ಪುಟ್ಟ ವ್ಯಾಟ್ ಮೀಟರಿನಲ್ಲಿ ನಿಜವಾಗಿ ಎಷ್ಟು ಎಳೆಯುತ್ತದೆ ಅಂತ ಅಳೆಯಿರಿ. ಉದಾಹರಣೆಗೆ ಮಿನಿ ಪಿಸಿ 15, ರೌಟರ್ 6, ಸ್ವಿಚ್‌ಗಳು ಸೇರಿ 6, ಆಕ್ಸೆಸ್ ಪಾಯಿಂಟ್ 8 ಅಂತ ಬಂತು ಅನ್ನಿ. ಒಟ್ಟು 35 ವ್ಯಾಟ್. 4 ಗಂಟೆಗೆ 140 ವ್ಯಾಟ್‌ಅವರ್. ವೋಲ್ಟ್ ಬದಲಿಸುವಾಗ ಪೋಲಾಗುವುದು, ಬ್ಯಾಟರಿ ಹಳೆಯದಾಗುವುದು ಎಲ್ಲ ಸೇರಿಸಿ ಮೂರನೇ ಒಂದು ಭಾಗ ಜಾಸ್ತಿ ಹಿಡಿದರೆ ಸುಮಾರು 190. 12.8 ವೋಲ್ಟ್, 20 ಆಂಪ್‌ಅವರ್‌ನ ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 256 ವ್ಯಾಟ್‌ಅವರ್ ಇರುತ್ತದೆ, ಅಂದ್ರೆ ಆರಾಮ. ಲ್ಯಾಪ್‌ಟಾಪ್‌ಗಳು ಈ ಲೆಕ್ಕದಲ್ಲಿಲ್ಲ, ಅವುಗಳಿಗೆ ಅವುಗಳದೇ ಬ್ಯಾಟರಿ ಇದೆ.

ಇಲ್ಲಿ ಮೂರು ವಿಷಯದಲ್ಲಿ ಅಸಡ್ಡೆ ಮಾಡಬೇಡಿ. ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇರಲೇಬೇಕು. ಚಾರ್ಜರ್ ಆ ಬ್ಯಾಟರಿಗಂತಲೇ ಮಾಡಿದ್ದಾಗಿರಲಿ, ಹಳೆಯ ಸೀಸದ ಬ್ಯಾಟರಿಯ ಚಾರ್ಜರ್ ಬೇಡ. ಇನ್ನು, ಚಾರ್ಜ್ ಆಗುವಾಗ ಈ ಬ್ಯಾಟರಿಯ ವೋಲ್ಟೇಜ್ 14.6ರ ತನಕ ಏರುತ್ತದೆ. 12 ವೋಲ್ಟ್ ಮಾತ್ರ ಕೇಳುವ ರೌಟರನ್ನು ನೇರ ಅದಕ್ಕೆ ಕೊಡದೆ ನಡುವೆ 12 ವೋಲ್ಟಿಗೆ ನಿಲ್ಲಿಸುವ ಡಿಸಿ ಕನ್ವರ್ಟರ್ ಹಾಕಿ. ಮಿನಿ ಪಿಸಿಗೆ ಅದರ ವೋಲ್ಟಿಗೆ ಏರಿಸುವ ಇನ್ನೊಂದು ಬೇಕು. ಈ ಬ್ಯಾಟರಿ ಭಾಗ ಒಂದನ್ನು ಮಾತ್ರ ನಾನು ಮಕ್ಕಳಿಗೆ ಬಿಚ್ಚಲು ಬಿಡುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟು, ಹೊರಗೆ ಔಟ್‌ಪುಟ್ ಪಿನ್ನು ಮಾತ್ರ ಕೊಟ್ಟಿರುತ್ತೇನೆ.

ವಿಮಾನದಲ್ಲಿ ಒಯ್ಯುವುದಿದ್ದರೆ ಈ ಬ್ಯಾಟರಿ ಬರುವುದಿಲ್ಲ. ಪ್ರಯಾಣಿಕರು 100 ವ್ಯಾಟ್‌ಅವರ್ ತನಕದ ಬಿಡಿ ಲಿಥಿಯಮ್ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದಕ್ಕೆ ಅವಕಾಶ ಇಲ್ಲ. ಆಗ ಪವರ್ ಬ್ಯಾಂಕ್ ಮೇಲೆ ನಡೆಯುವ ಪೈ ಕಿಟ್ಟೇ ಸರಿ. 20,000 ಮಿಲಿಆಂಪ್‌ಅವರ್ ಅಂತ ಬರೆದಿದ್ದರೆ 3.7ರಿಂದ ಗುಣಿಸಿ 1,000ದಿಂದ ಭಾಗಿಸಿ, 74 ವ್ಯಾಟ್‌ಅವರ್ ಬರುತ್ತದೆ.

ಹೆಜ್ಜೆ 5: ವಿಳಾಸದ ಯೋಜನೆ

ರೌಟರ್ ಕಂಪನಿಗಳು ಸಾಮಾನ್ಯವಾಗಿ 192.168.0 ಅಥವಾ 192.168.1 ಸಾಲಿನ ವಿಳಾಸ ಹಾಕಿಯೇ ಕಳಿಸುತ್ತವೆ. ಅದನ್ನು ಹಾಗೇ ಬಿಟ್ಟರೆ ನೀವು ಹೋದ ಕಟ್ಟಡದ ನೆಟ್‌ವರ್ಕೂ ಅದೇ ಸಾಲಿನಲ್ಲಿದ್ದು ಎರಡೂ ತಿಕ್ಕಾಡುತ್ತವೆ. ಖಾಸಗಿ ಬಳಕೆಗೆ ಮೀಸಲಾದ 10ರ ಸಾಲಿನಲ್ಲಿ ಯಾರೂ ಸುಲಭಕ್ಕೆ ಆರಿಸದ ಒಂದನ್ನು ಹಿಡಿಯಿರಿ. ನನ್ನದು 10.44.7. ರೌಟರ್ 10.44.7.1, ಸರ್ವರ್ 10.44.7.2, ಸ್ವಿಚ್ 10.44.7.3, ಆಕ್ಸೆಸ್ ಪಾಯಿಂಟ್ 10.44.7.4. ಗುಂಪುಗಳಿಗೆ ಅಂತ ಸರ್ವರ್ ಯಂತ್ರದೊಳಗೇ ಮಾಡುವ ಪುಟ್ಟ ಸರ್ವರ್‌ಗಳಿಗೆ (ಹೆಜ್ಜೆ 6 ನೋಡಿ) ಕೊನೆಯ ಸಂಖ್ಯೆ 10ರಿಂದ 50. ಬಂದು ಹೋಗುವ ಫೋನು, ಲ್ಯಾಪ್‌ಟಾಪ್‌ಗಳಿಗೆ ಡಿಎಚ್‌ಸಿಪಿ 100ರಿಂದ 220ರ ನಡುವೆ ಹಂಚಲಿ. ಒಂದು ಸಾಲು ಎಷ್ಟು ದೊಡ್ಡದು ಅಂತ ಹೇಳುವ ನೆಟ್‌ಮಾಸ್ಕ್ 255.255.255.0. ಪ್ರಯೋಗದ ಹಳದಿ ನೆಟ್‌ವರ್ಕಿಗೆ 10.44.8 ಅಂತ ಬೇರೆ ಸಾಲು.

ಡಿಎಚ್‌ಸಿಪಿ, ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್ಎಸ್, ಎರಡೂ ರೌಟರ್‌ನಲ್ಲೇ ಇರಲಿ. ಸರ್ವರ್‌ನಲ್ಲಿಟ್ಟರೆ ಅದು ಮಲಗಿದ ದಿನ ಇಡೀ ನೆಟ್‌ವರ್ಕ್ ಮಲಗುತ್ತದೆ. ಪುಟಗಳಿಗೆ ಇಡುವ ಹೆಸರಿನ ಕೊನೆಯಲ್ಲಿ ಡಾಟ್ ಲೋಕಲ್ (.local) ಹಾಕಬೇಡಿ. ಅದು ಯಂತ್ರಗಳು ತಾವೇ ಒಂದನ್ನೊಂದು ಹುಡುಕಿಕೊಳ್ಳುವ ಬೇರೆ ವ್ಯವಸ್ಥೆಗೆ ಮೀಸಲು, ಕೆಲವು ಫೋನಿನಲ್ಲಿ ತೆರೆಯುತ್ತದೆ, ಕೆಲವದರಲ್ಲಿ ಇಲ್ಲ. ಮನೆ ನೆಟ್‌ವರ್ಕಿಗೆ ಅಂತ 2018ರಲ್ಲಿ ಮೀಸಲಿಟ್ಟ ಹೋಮ್ ಡಾಟ್ ಆರ್ಪಾ (home.arpa) ಇದೆ, ಅದನ್ನೇ ಬಳಸಿ. ಗ್ರಂಥಾಲಯದ ಪುಟ, ಪಾಠದ ಪುಟ, ಕೋಡ್ ಬರೆಯುವ ಪುಟ, ಪ್ರತಿಯೊಂದಕ್ಕೂ ಒಂದು ಹೆಸರು ಕೊಟ್ಟು, ಅದರ ಕ್ಯುಆರ್ ಕೋಡ್ ಮುದ್ರಿಸಿ ಹಲಗೆಗೆ ಅಂಟಿಸಿ.

ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಬಳಸುವುದಾದರೆ ಚಾನೆಲ್ 1, 6, 11ರಲ್ಲಿ ಒಂದನ್ನೇ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಸಾಧ್ಯವಾದಷ್ಟೂ ಯಂತ್ರಗಳನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ. ಕ್ಲೈಂಟ್ ಐಸೊಲೇಷನ್ ಅನ್ನುವ ಸೆಟ್ಟಿಂಗ್ ಆಫ್ ಇದೆಯಾ ನೋಡಿ, ಆನ್ ಇದ್ದರೆ ಒಬ್ಬರ ಯಂತ್ರದಿಂದ ಇನ್ನೊಬ್ಬರದ್ದಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಹೋಗುವುದಿಲ್ಲ, ನಮ್ಮ ಪಾಠವೇ ಅದಲ್ವಾ.

ಹೆಜ್ಜೆ 6: ಸರ್ವರ್ ಒಳಗೆ ಏನಿಡುವುದು

ಮಿನಿ ಪಿಸಿಗೆ ನಾನು ಪ್ರಾಕ್ಸ್‌ಮಾಕ್ಸ್ ಹಾಕುತ್ತೇನೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಮುಕ್ತ ತಂತ್ರಾಂಶ. ಒಂದೇ ಯಂತ್ರದೊಳಗೆ ಹಲವು ಪುಟ್ಟ ಲಿನಕ್ಸ್ ಸರ್ವರ್‌ಗಳನ್ನು, ಅಂದ್ರೆ ಕಂಟೇನರ್‌ಗಳನ್ನು, ಬ್ರೌಸರ್‌ನಿಂದಲೇ ಎಬ್ಬಿಸಬಹುದು, ಮಲಗಿಸಬಹುದು. ಇದರಲ್ಲಿ ನನಗೆ ಬೇಕಾದದ್ದು ಸ್ನ್ಯಾಪ್‌ಶಾಟ್, ಅಂದ್ರೆ ಆ ಕ್ಷಣದ ಸ್ಥಿತಿಯನ್ನು ಹಾಗೇ ಹಿಡಿದಿಡುವುದು. ಪ್ರತಿ ಗುಂಪಿನ ಕಂಟೇನರ್‌ಗೂ ಪಾಠಕ್ಕೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಒಬ್ಬ ಹುಡುಗ ರೂಟ್, ಅಂದ್ರೆ ಎಲ್ಲ ಅಧಿಕಾರ ಇರುವ ಬಳಕೆದಾರ, ಆಗಿ ಲಾಗಿನ್ ಆಗಿ ಇಡೀ ಫೈಲ್ ವ್ಯವಸ್ಥೆಯನ್ನೇ ಅಳಿಸಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ, ಅವನ ಕೈಯಲ್ಲೇ ಸ್ನ್ಯಾಪ್‌ಶಾಟಿಗೆ ಮರಳಿಸುವ ರೋಲ್‌ಬ್ಯಾಕ್ ಗುಂಡಿ ಒತ್ತಿಸಿದೆ. ಕೆಲವೇ ಸೆಕೆಂಡಿನಲ್ಲಿ ಎಲ್ಲ ವಾಪಸ್ ಬಂತು. ಆಮೇಲೆ ಅವನು ಹೆದರದೆ ಇನ್ನೂ ನಾಲ್ಕು ಸಲ ಅಳಿಸಿ, ಎಷ್ಟು ಅಳಿಸಿದರೆ ಯಾವ ಹಂತದಲ್ಲಿ ಸರ್ವರ್ ಸಾಯುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಇದಕ್ಕಾಗಿಯೇ ಇಷ್ಟೆಲ್ಲ ಕಷ್ಟಪಡುವುದು.

ರ‍್ಯಾಮ್ ಲೆಕ್ಕ: 24 ಮಕ್ಕಳಲ್ಲಿ ಮೂವರಿಗೊಂದರಂತೆ 8 ಗುಂಪು, ಗುಂಪಿಗೆ 512 ಎಂಬಿ, ಒಟ್ಟು 4 ಜಿಬಿ. ಪೈಥಾನ್ ಕಲಿಸಲು, ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ಹಬ್ ಹಾಕಿ 12 ಯಂತ್ರಗಳಿಗೆ ಅಷ್ಟಷ್ಟೇ ಹಿಡಿದರೆ ಇನ್ನೊಂದು 6. ಉಳಿದದ್ದು ಗ್ರಂಥಾಲಯಕ್ಕೆ, ಪ್ರಾಕ್ಸ್‌ಮಾಕ್ಸ್‌ಗೆ. 16 ಜಿಬಿ ಅಂದಿದ್ದು ಅದಕ್ಕೇ.

ಗ್ರಂಥಾಲಯಕ್ಕೆ ಎರಡು ತಂತ್ರಾಂಶ ಸಾಕು. ಕಿವಿಕ್ಸ್‌ನಲ್ಲಿ ವಿಕಿಪೀಡಿಯ, ವಿಕಿಸೋರ್ಸ್, ಸ್ಟ್ಯಾಕ್ ಓವರ್‌ಫ್ಲೋ ಮುಂತಾದವನ್ನು ಝಿಮ್ ಅನ್ನುವ ಒಂದೇ ಫೈಲಿನಲ್ಲಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ತೆರೆಯಬಹುದು. ಚಿತ್ರಗಳ ಸಮೇತ ಪೂರ್ತಿ ಇಂಗ್ಲಿಷ್ ವಿಕಿಪೀಡಿಯ 100 ಜಿಬಿ ದಾಟುತ್ತದೆ, ಕನ್ನಡದ್ದು ಅದರ ಮುಂದೆ ತುಂಬ ಚಿಕ್ಕದು, ಎರಡೂ ಹಾಕಿಕೊಳ್ಳಿ. ಈ ದೊಡ್ಡ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯುವಾಗ ಅರ್ಧಕ್ಕೇ ನಿಂತರೆ ಪೆನ್‌ಡ್ರೈವ್ ಫ್ಯಾಟ್ 32 ಇದೆಯಾ ನೋಡಿ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಇನ್ನೊಂದು ಕೊಲಿಬ್ರಿ: ಖಾನ್ ಅಕಾಡೆಮಿಯಂಥ ಪಾಠಗಳನ್ನು ಇಂಟರ್ನೆಟ್ ಇಲ್ಲದ ಕಡೆ ನಡೆಸಲೆಂದೇ ಮಾಡಿದ್ದು, ಯಾರು ಎಲ್ಲಿಯವರೆಗೆ ಬಂದಿದ್ದಾರೆ ಅಂತ ಕಲಿಸುವವರಿಗೆ ತೋರಿಸುತ್ತದೆ. ಮಕ್ಕಳ ಕೋಡನ್ನು ಅದರ ಇತಿಹಾಸದ ಸಮೇತ ಇಡಲು ಫೋರ್ಜೆಯೊ (Forgejo) ಅಥವಾ ಗಿಟಿ (Gitea). ಲಿನಕ್ಸ್ ಪ್ಯಾಕೇಜ್‌ಗಳಿಗೆ, ಒಮ್ಮೆ ಇಳಿಸಿದ್ದನ್ನು ಕೂಡಿಟ್ಟು ಮತ್ತೆ ಕೊಡುವ ಆಪ್ಟ್ ಕ್ಯಾಷರ್ ಎನ್‌ಜಿ (apt-cacher-ng) ಹಾಕಿ, ಬೇಕಾದ ಪ್ಯಾಕೇಜ್‌ಗಳನ್ನು ಮನೆಯಲ್ಲೇ ಒಂದು ಸಲ ಅದರ ಮೂಲಕ ಇಳಿಸಿ. ಆಮೇಲೆ 8 ಗುಂಪೂ ಅದನ್ನೇ ಇನ್‌ಸ್ಟಾಲ್ ಮಾಡಿದರೂ ಹೊರಗಿನ ಡೇಟಾ ಹೆಚ್ಚು ಖರ್ಚಾಗುವುದಿಲ್ಲ.

ಹೆಜ್ಜೆ 7: ಇಂಟರ್ನೆಟ್ ಇಲ್ಲದಾಗ ಕಾಡುವ ಮೂರು ತೊಂದರೆ

ಒಂದು, ಗಡಿಯಾರ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರದ ಚಿಪ್ ಇದ್ದರೂ ಬ್ಯಾಟರಿ ನಾವೇ ಬೇರೆ ಹಾಕಬೇಕು. ಸಮಯವನ್ನು ಅದು ಇಂಟರ್ನೆಟ್‌ನಿಂದ ಪಡೆಯುತ್ತದೆ, ಇಲ್ಲದಿದ್ದರೆ ಹಳೆಯ ತಾರೀಕಿನಲ್ಲೇ ಎದ್ದೇಳುತ್ತದೆ. ತಾರೀಕು ತಪ್ಪಾದರೆ, ಪುಟದ ಮಾತನ್ನು ಗುಪ್ತವಾಗಿಡುವ ಎಚ್‌ಟಿಟಿಪಿಎಸ್‌ನ ಪ್ರಮಾಣಪತ್ರವನ್ನು ಯಂತ್ರ ಒಪ್ಪುವುದಿಲ್ಲ, ಕೋಡಿನ ಇತಿಹಾಸವೆಲ್ಲ ಅಡಿಮೇಲು. ಡಿಎಸ್ 3231 ಅನ್ನುವ ಪುಟ್ಟ ಗಡಿಯಾರ ಮಾಡ್ಯೂಲ್ ಹಾಕಿದರೆ ಸರಿಹೋಗುತ್ತದೆ. ಮಿನಿ ಪಿಸಿಯಲ್ಲಿ ಗಡಿಯಾರ ಇರುತ್ತದೆ, ಹಳೆಯದಾದರೆ ಒಳಗಿನ ಬಟನ್ ಸೆಲ್ ಮಾತ್ರ ಬದಲಿಸಿ. ಸರ್ವರ್‌ನಲ್ಲಿ ಕ್ರೋನಿ ಅನ್ನುವ ಸಮಯ ಹಂಚುವ ತಂತ್ರಾಂಶ ಓಡಿಸಿದರೆ ಉಳಿದ ಯಂತ್ರಗಳಿಗೆ ಅದೇ ಸಮಯ ಹೇಳುತ್ತದೆ.

ಎರಡು, ಫೋನುಗಳ ಬುದ್ಧಿ. ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಆಗ ನಮ್ಮ ಪುಟ ಸಿಗುವುದಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿಸಿ, ಇಂಟರ್ನೆಟ್ ಇಲ್ಲದಿದ್ದರೂ ಇದೇ ವೈಫೈಯಲ್ಲಿರಲಾ ಅಂತ ಫೋನು ಕೇಳಿದಾಗ ಹೌದು ಅನ್ನಿಸಿ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್ಎಸ್‌ನಲ್ಲಿ ಯಾವುದೋ ಹೊರಗಿನ ಹೆಸರು ಹಾಕಿಟ್ಟಿದ್ದರೂ ನಮ್ಮ ಹೆಸರುಗಳು ತೆರೆಯುವುದಿಲ್ಲ, ಅದನ್ನು ಆಟೊಮ್ಯಾಟಿಕ್‌ಗೆ ತನ್ನಿ.

ಮೂರು, ನನಗೇ ಪಾಠ ಕಲಿಸಿದ್ದು. ಒಂದು ಶಿಬಿರಕ್ಕೆ ಮುಂಚೆ ಎಲ್ಲ ಪುಟ ತೆರೆದು ನೋಡಿ, ಸರಿಯಿದೆ ಅಂದುಕೊಂಡು ಹೋಗಿದ್ದೆ. ಅಲ್ಲಿ ಪಾಠದ ಪುಟ ತೆರೆದರೆ ಬರೀ ಬಿಳಿ. ಪುಟ ನಮ್ಮ ಸರ್ವರ್‌ನಲ್ಲೇ ಇತ್ತು, ಆದರೆ ಅದು ಬಳಸುವ ಒಂದು ಜಾವಾಸ್ಕ್ರಿಪ್ಟ್ ಫೈಲ್ ಹೊರಗಿನ ಇಂಟರ್ನೆಟ್‌ನಿಂದ ಬರಬೇಕಿತ್ತು. ಮನೆಯಲ್ಲಿ ಇಂಟರ್ನೆಟ್ ಇದ್ದಿದ್ದರಿಂದ ಗೊತ್ತೇ ಆಗಿರಲಿಲ್ಲ. ಹಾಗಾಗಿ ಹೊರಡುವ ಮೊದಲು ಒಂದು ಪೂರ್ತಿ ದಿನ ಕೆಂಪು ಕೇಬಲ್ ಕಿತ್ತಿಟ್ಟು, ಬ್ರೌಸರ್ ಕೂಡಿಟ್ಟುಕೊಂಡ ಹಳೆಯ ಫೈಲುಗಳನ್ನು (ಕ್ಯಾಷ್) ಅಳಿಸಿ, ಪಾಠವನ್ನು ಮೊದಲಿಂದ ಕೊನೆಯ ತನಕ ನೀವೇ ಮಾಡಿ ನೋಡಿ. ಯಾವ ಕಾರಣಕ್ಕೂ ಈ ದಿನವನ್ನು ಬಿಡಬೇಡಿ.

ಹೆಜ್ಜೆ 8: ಹತ್ತು ನಿಮಿಷದ ನಿಯಮಕ್ಕೆ ತಯಾರಿ

ಎಲ್ಲ ಸರಿಯಾಗಿ ಓಡುತ್ತಿರುವ ದಿನವೇ ನಕಲು ತೆಗೆಯಿರಿ. ರೌಟರ್ ಮತ್ತು ಸ್ವಿಚ್ಚಿನ ಸೆಟ್ಟಿಂಗ್ ಬ್ಯಾಕಪ್ ಫೈಲ್ ಒಂದು ಪೆನ್‌ಡ್ರೈವಿನಲ್ಲಿ. ಕಂಟೇನರ್‌ಗಳ ಬ್ಯಾಕಪ್ ಒಂದು ಹೊರಗಿನ ಡಿಸ್ಕಿನಲ್ಲಿ, ಅದರ ಇನ್ನೊಂದು ನಕಲು ನಿಮ್ಮ ಮನೆಯಲ್ಲಿ. ಸ್ನ್ಯಾಪ್‌ಶಾಟ್ ಇದೆಯಲ್ಲ ಅಂತ ಬ್ಯಾಕಪ್ ಬಿಡಬೇಡಿ, ಡಿಸ್ಕೇ ಕೆಟ್ಟರೆ ಅದರೊಳಗಿನ ಸ್ನ್ಯಾಪ್‌ಶಾಟೂ ಹೋಗುತ್ತದೆ. ಪೈ ಬಳಸುವವರು ಇನ್ನೊಂದು ಎಸ್‌ಎಸ್‌ಡಿಗೆ ಪೂರ್ತಿ ಇಮೇಜ್ ಬರೆದು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ, ಕೆಟ್ಟರೆ ಬದಲಿಸಿದರಾಯಿತು.

ಆಮೇಲೆ ನಿಜವಾಗಿ ಕೆಡಿಸಿ ನೋಡಿ. ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಗಡಿಯಾರ ಇಟ್ಟುಕೊಂಡು ವಾಪಸ್ ತನ್ನಿ. ನಿಮಗೆ ಅಭ್ಯಾಸ ಇದೆ, ಬೇಗ ಆಗುತ್ತದೆ. ಅದಕ್ಕೇ ಕಿಟ್ ಕಟ್ಟದ ಒಬ್ಬರಿಗೆ ಕೊಟ್ಟು, ಬರೆದಿಟ್ಟ ಹಾಳೆ ನೋಡಿಕೊಂಡು ಮಾಡಿ ಅನ್ನಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಹಾಳೆ ತಿದ್ದಿ.

ಹೆಜ್ಜೆ 9: ಮಕ್ಕಳ ಕೈಗೆ ಕೊಡುವುದು

ಮೊದಲ ಪಾಠ ಕೇಬಲ್. ಇದನ್ನು ಬಿಟ್ಟು ನೇರ ಕೋಡಿಗೆ ಹೋಗಬೇಡಿ, ಕೈಯಾರೆ ಮಾಡಿದ ಒಂದು ಕೇಬಲ್ಲಿನಿಂದ ಸರ್ವರ್ ಪುಟ ತೆರೆದಾಗ ಮಕ್ಕಳ ಮುಖ ನೋಡಬೇಕು ನೀವು.

ಹೊರಗಿನ ಸಿಪ್ಪೆಯನ್ನು ಸುಮಾರು 3 ಸೆಂಟಿಮೀಟರ್ ಸುಲಿಯಲು ಹೇಳಿ. ಒಳಗೆ ನಾಲ್ಕು ಜೋಡಿ, ಎಂಟು ತಂತಿ. ಹೆಣೆದುಕೊಂಡಿರುವ ಜೋಡಿ ಬಿಚ್ಚಿ, ಬೆರಳಿನ ನಡುವೆ ಎಳೆದೆಳೆದು ನೆಟ್ಟಗೆ ಮಾಡಿ, ಈ ಸಾಲಿನಲ್ಲಿ ಜೋಡಿಸಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ತುದಿಯನ್ನು ಒಂದೇ ಸಮ ಕತ್ತರಿಸಿ, ಸಿಪ್ಪೆಯಿಂದ ಹೊರಗೆ 13 ಮಿಲಿಮೀಟರ್‌ನಷ್ಟು ಮಾತ್ರ ಉಳಿಸಿ. ಕನೆಕ್ಟರಿನ ಕ್ಲಿಪ್ ಕೆಳಗಿರುವಂತೆ ಹಿಡಿದು ತಳ್ಳಿದರೆ ಎಂಟು ತಾಮ್ರದ ಚುಕ್ಕೆಗಳು ಎದುರಿನ ಗೋಡೆಗೆ ತಾಗಿದ್ದು ಕಾಣಬೇಕು, ಸಿಪ್ಪೆಯೂ ಕನೆಕ್ಟರ್ ಒಳಗೆ ಹೋಗಿರಬೇಕು. ಆಮೇಲೆ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತುವುದು.

ಒಂದು ಜೋಡಿ ಹುಡುಗಿಯರು ಹಸಿರಿನ ಎರಡೂ ತಂತಿ ಪಕ್ಕಪಕ್ಕ, ನೀಲಿಯ ಎರಡೂ ಪಕ್ಕಪಕ್ಕ ಇಟ್ಟಿದ್ದರು, ಎರಡೂ ತುದಿಯಲ್ಲಿ ಹಾಗೇ. ಟೆಸ್ಟರಿನಲ್ಲಿ 1ರಿಂದ 8ರ ತನಕ ದೀಪ ಸರಿಯಾಗಿ ಓಡಿತು. ಆದರೆ ಸ್ವಿಚ್ಚಿಗೆ ಹಾಕಿದರೆ ಸಂಪರ್ಕ ಬಂದು ಬಂದು ಹೋಗುತ್ತಿತ್ತು. ದೀಪ ಸರಿಯಿದೆಯಲ್ಲ, ಮತ್ತೆ ಯಾಕೆ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡರು. ನಾನು ಉತ್ತರ ಹೇಳಲಿಲ್ಲ. 3 ಮತ್ತು 6ನೇ ಪಿನ್ನು ಒಂದು ಜೋಡಿಯಾಗಿ ಕೆಲಸ ಮಾಡುತ್ತವೆ ಅಂತ ಮಾತ್ರ ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬಳು, ಹಾಗಾದ್ರೆ ನಮ್ಮ 3 ಹಸಿರಿನದು, 6 ನೀಲಿಯದು, ಅವು ಒಂದಕ್ಕೊಂದು ಹೆಣೆದುಕೊಂಡೇ ಇಲ್ಲ ಅಂದಳು. ತಂತಿಯನ್ನು ಯಾಕೆ ಹೆಣೆಯುತ್ತಾರೆ ಅಂತ ನಾನು ಬೋರ್ಡಿನ ಮೇಲೆ ಬರೆಯಬೇಕಾಗಿಯೇ ಬರಲಿಲ್ಲ. ಪಕ್ಕದ ಜೋಡಿಯ ಸಿಗ್ನಲ್ ತಟ್ಟದಿರಲಿ ಅಂತ ಹೆಣೆಯುವುದು, ಅದು ತಪ್ಪಿದರೆ ತಾಮ್ರ ಸೇರಿದ್ದರೂ ಮಾತು ಕೆಡುತ್ತದೆ.

ಎರಡನೇ ಪಾಠ ಹಳದಿ ನೆಟ್‌ವರ್ಕ್. ಅಗ್ಗದ 5 ಪೋರ್ಟಿನ ಸ್ವಿಚ್ಚಿಗೆ ನಾಲ್ಕು ಲ್ಯಾಪ್‌ಟಾಪ್ ಹಾಕಿ, ಕೈಯಾರೆ ವಿಳಾಸ ಕೊಟ್ಟು, ಒಬ್ಬರಿಗೊಬ್ಬರು ಪಿಂಗ್ ಮಾಡಲಿ. ಪಿಂಗ್ ಓಡುತ್ತಿರುವಾಗಲೇ ಒಬ್ಬರದ್ದನ್ನು ಕಿತ್ತು, ಖಾಲಿಯಾದ ಎರಡು ಪೋರ್ಟಿಗೆ ಒಂದೇ ಕೇಬಲ್ಲಿನ ಎರಡೂ ತುದಿ ಸಿಕ್ಕಿಸಿ. ಎಲ್ಲ ದೀಪವೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತದೆ, ಪಿಂಗ್ ನಿಲ್ಲುತ್ತದೆ. ಎಲ್ಲರಿಗೂ ಅಂತ ಕೂಗಿದ ಒಂದೇ ಸಂದೇಶ ಸುತ್ತಿ ಸುತ್ತಿ ಬಂದು ದಾರಿಯನ್ನೆಲ್ಲ ತುಂಬಿಬಿಡುತ್ತದೆ. ಕೇಬಲ್ ಕಿತ್ತರೆ ಕೆಲವು ಸೆಕೆಂಡಿನಲ್ಲಿ ಶಾಂತ. ಮುಖ್ಯ ಸ್ವಿಚ್ಚಿನಲ್ಲಿ ಮಾತ್ರ ಲೂಪ್ ತಡೆಯುವ ಸೆಟ್ಟಿಂಗ್ ಆನ್ ಮಾಡಿಟ್ಟಿರಿ.

ಹಾಗೇ, ಎರಡು ಡಿಎಚ್‌ಸಿಪಿ ಇದ್ದರೆ ಏನಾಗುತ್ತದೆ ಅಂತ ಹಳೆಯ ರೌಟರ್ ಎರಡನ್ನು ಹಳದಿಗೆ ಸೇರಿಸಿ ತೋರಿಸಬಹುದು. ಅರ್ಧ ಯಂತ್ರಕ್ಕೆ ಒಂದು ಸಾಲಿನ ವಿಳಾಸ, ಇನ್ನರ್ಧಕ್ಕೆ ಬೇರೆ. ಯಾರು ಮೊದಲು ಉತ್ತರ ಕೊಟ್ಟರೋ ಅವರದ್ದು.

ಮೂರನೆಯದು ವೈರ್‌ಶಾರ್ಕ್, ನೆಟ್‌ವರ್ಕಿನಲ್ಲಿ ಹರಿಯುವ ದತ್ತಾಂಶವನ್ನು ಹಿಡಿದು ತೋರಿಸುವ ತಂತ್ರಾಂಶ. ಒಂದು ಗುಂಪಿನ ಕಂಟೇನರ್‌ನಲ್ಲಿ ಏನನ್ನೂ ಗುಪ್ತವಾಗಿಡದ ಸಾದಾ ಎಚ್‌ಟಿಟಿಪಿ ಲಾಗಿನ್ ಪುಟ ಇಡಿ, ಸುಳ್ಳು ಹೆಸರು, ಸುಳ್ಳು ಪಾಸ್‌ವರ್ಡ್ ಟೈಪ್ ಮಾಡಿಸಿ. ಮಿರರ್ ಪೋರ್ಟಿನಲ್ಲಿ ಕೂತವರಿಗೆ ಅಕ್ಷರ ಅಕ್ಷರ ಕಾಣುತ್ತದೆ. ಅದೇ ಪುಟವನ್ನು ಎಚ್‌ಟಿಟಿಪಿಎಸ್ ಮಾಡಿ ಮತ್ತೆ ನೋಡಿದರೆ ಅರ್ಥವಿಲ್ಲದ ಗಿಜಿಬಿಜಿ. ನಿಜವಾದ ಪಾಸ್‌ವರ್ಡ್ ಯಾರೂ ಟೈಪ್ ಮಾಡದ ಹಾಗೆ ನೀವೇ ಹಿಂದೆ ನಿಂತು ನೋಡಿಕೊಳ್ಳಿ.

ಹೆಜ್ಜೆ 10: ಮಕ್ಕಳ ಮಾಹಿತಿ, ನಿಮ್ಮ ಹೊಣೆ

ಖಾತೆಗಳಿಗೆ ಮಕ್ಕಳ ನಿಜವಾದ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಯಾವುದೂ ಬೇಡ. ಗುಂಪು 1, ಗುಂಪು 2 ಸಾಕು, ಬೇಕಿದ್ದರೆ ಹಕ್ಕಿಗಳ ಹೆಸರು ಅವರೇ ಇಟ್ಟುಕೊಳ್ಳಲಿ. ಯಾರು ಏನು ಹುಡುಕಿದರು ಅನ್ನುವ ದಾಖಲೆ ರೌಟರ್‌ನಲ್ಲಿ ಉಳಿಯದಂತೆ ಮಾಡಿ. ವೈಫೈಗೆ ಡಬ್ಲ್ಯುಪಿಎ 2 ಪಾಸ್‌ವರ್ಡ್ ಇಟ್ಟು ಪ್ರತಿ ಶಿಬಿರಕ್ಕೂ ಬದಲಿಸಿ. ಕಟ್ಟಡದ ಇಂಟರ್ನೆಟ್ ಬಳಸುವುದಿದ್ದರೆ ನೋಡಿಕೊಳ್ಳುವವರನ್ನು ಮೊದಲೇ ಕೇಳಿ, ಅವರ ಸ್ವಿಚ್ಚಿಗೆ ಕೆಂಪು ಕೇಬಲ್ ಒಂದನ್ನು ಬಿಟ್ಟು ಏನನ್ನೂ ಹಾಕಬೇಡಿ. ವೈರ್‌ಶಾರ್ಕ್ ಪಾಠ ಒಂದನ್ನು ಬಿಟ್ಟು, ಸ್ಕ್ಯಾನ್ ಮಾಡುವುದು, ಇಣುಕುವುದು ಏನಿದ್ದರೂ ಹಳದಿ ನೆಟ್‌ವರ್ಕಿನೊಳಗೆ ಮಾತ್ರ ಅಂತ ಮೊದಲ ದಿನವೇ ಹೇಳಿ, ಯಾಕೆ ಅಂತಲೂ ಹೇಳಿ. ಹೇಳಿದರೆ ಮಕ್ಕಳು ಪಾಲಿಸುತ್ತಾರೆ.

ವಾಪಸ್ ಕಟ್ಟುವಾಗ

ಮುಚ್ಚಳದ ಒಳಗೆ ಸಾಮಾನಿನ ಪಟ್ಟಿ ಅಂಟಿಸಿ, ಕಟ್ಟುವ ಕೆಲಸವನ್ನು ಮಕ್ಕಳಿಗೇ ಬಿಡಿ. ಒಬ್ಬರು ಓದಲಿ, ಒಬ್ಬರು ಇಡಲಿ. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೇ ಪ್ಲಗ್ ಕೀಳಿ. ಗುಂಪುಗಳ ಕೆಲಸವನ್ನು ಅವರ ಪೆನ್‌ಡ್ರೈವಿಗೆ ಕೊಟ್ಟು, ಕಂಟೇನರ್‌ಗಳನ್ನು ಮೊದಲ ಸ್ನ್ಯಾಪ್‌ಶಾಟಿಗೆ ತನ್ನಿ. ಅನುಮಾನ ಬಂದ ಕೇಬಲ್ಲಿಗೆ ಅಲ್ಲೇ ಒಂದು ಗಂಟು ಹಾಕಿ, ಮನೆಗೆ ಹೋದ ಮೇಲೆ ಟೆಸ್ಟ್ ಮಾಡಬಹುದು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂತಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು, ಎಲ್ಲ ತಂತಿ ಬಿಚ್ಚಿ, ತಂಪಾದ ಜಾಗದಲ್ಲಿಡಿ. ಮುಂದಿನ ಶಿಬಿರದ ಹಿಂದಿನ ದಿನ ಪೂರ್ತಿ ತುಂಬಿಸಿದರಾಯಿತು.